ಭೂಲೋಕಮಲ್ಲ ಸೋಮೇಶ್ವರ

ನಾಗಾವಿಯ ಏರಿನ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಕಪ್ಪತಗುಡ್ಡದ ಸಾಲು ಕಾಣುವದು. ಬೇರೆ ದಿಕ್ಕಿಗೆ ತಿರುಗಿದರೆ ಕಣ್ಣು ಹರಿಯುವವರೆಗೂ ಎರೆಹೊಲ. ಎಂಟುನೂರು ಒಂಬೈನೂರು ವರ್ಷಗಳ ಹಿಂದೆ ಈ ಹೊಲಗಳ ಸೀಮೆಗೆ ಬೆಳ್ವೊಲ ಮುನ್ನೂರು ಎಂದೂ, ಈಗಿನ ಲಕ್ಷ್ಮೇಶ್ವರವನ್ನು ನಡುವಿಟ್ಟುಕೊಂಡ ಸೀಮೆಗೆ ಪುಲಿಗೆರೆ ಮುನ್ನೂರು ಎಂದೂ ಹೆಸರು. ಎರಡನ್ನೂ ಕೂಡಿಸಿ ಎರಡರುನೂರು ಎನ್ನುತ್ತಿದ್ದರು. ಲಕ್ಕುಂಡಿ, ಡಂಬಳ, ಗದಗು, ಲಕ್ಷ್ಮೇಶ್ವರಗಳ ಗುಡಿಗಳನ್ನು ಕಂಡವರಿಗೆ ಈ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯರ ವೈಭವವನ್ನು ಬೇರೆ ಹೇಳಬೇಕಾಗಿಲ್ಲ. ಆ ವಂಶದಲ್ಲಿ ಗೆದ್ದ ಅರಸರು ಹಲವರು. ಆದರೆ ತಾನು ಕಂಡದ್ದನ್ನು, ಉಂಡದ್ದನ್ನು, ಆಡಿದ್ದನ್ನು, ಬೇಟೆಯಾಡಿದ್ದನ್ನು ಎಲ್ಲವನ್ನೂ ಒಂದು ಗ್ರಂಥದಲ್ಲಿ ಬರೆದಿಟ್ಟ ಅರಸನು ಒಬ್ಬನೇ. ಆತನೇ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನು. ಆತನ ಜೀವನವನ್ನು ನನ್ನ ಅಳವಿಗೆ ಸಿಕ್ಕಷ್ಟು ಇಲ್ಲಿ ಹೇಳಲು ಯತ್ನಿಸಿದ್ದೇನೆ.

ಸೋಮೇಶ್ವರನು ದೊಡ್ಡ ಮರದ ನೆರಳಿನಲ್ಲಿ ಬೆಳೆದ ಗಿಡ. ಆತನ ತಂದೆ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076 ರಿಂದ 1126 ರವರೆಗೆ, ಅಂದರೆ ಐವತ್ತು ವರ್ಷಗಳ ಕಾಲ ರಾಜ್ಯವಾಳಿದನು. ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗಿಟ್ಟು ತನ್ನದೇ ಆದ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ ಮಹಾಸಾಹಸಿ ಆತನು. ಆತನ ಕೀರ್ತಿಯನ್ನು ಕೇಳಿ ದೂರದ ಕಾಶ್ಮೀರದಿಂದ ಬಿಲ್ಹಣ ಕವಿಯು ಬಂದು ವಿಕ್ರಮಾಂಕದೇವಚರಿತವನ್ನು ಬರೆದನು. ಅದೇ ಆಸ್ಥಾನದ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಹಿಂದೂಗಳ ಆಸ್ತಿ ಹಕ್ಕಿನ ವಿಷಯದಲ್ಲಿ ಆ ಗ್ರಂಥವು ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳವರೆಗೂ ಪ್ರಮಾಣವಾಗಿ ನಡೆದುಬಂದಿತು. ನಮ್ಮ ಭಾಗದ ಡಂಬಳದಲ್ಲಿ ಬೌದ್ಧರ ತಾರಾದೇವಿಗೆ 1095 ರಲ್ಲಿ ದತ್ತಿ ಸಂದದ್ದೂ, ಇಟಗಿಯಲ್ಲಿ ಮಹಾದೇವ ದಂಡನಾಯಕನು 1112 ರಲ್ಲಿ ಆ ಅಪೂರ್ವ ಗುಡಿಯನ್ನು ಎತ್ತಿಸಿದ್ದೂ ಇದೇ ವಿಕ್ರಮಾದಿತ್ಯನ ಕಾಲದಲ್ಲಿಯೇ. ಇಂಥ ಅರಮನೆಯಲ್ಲಿ ಕಣ್ಣುಬಿಟ್ಟ ರಾಜಕುಮಾರನಿಗೆ ಪಂಡಿತರ ಮಾತೂ ಆನೆಯ ಘೀಳೂ ಸಂಗೀತದ ಸ್ವರವೂ ಒಂದೇ ಅಂಗಳದಲ್ಲಿ ಕೇಳುತ್ತಿದ್ದುವು.

ತಂದೆಯು ಬಹುಕಾಲ ಆಳಿದರೆ ಮಗನು ಬಹುಕಾಲ ಕಾಯಬೇಕಾಗುವದು. ಸೋಮೇಶ್ವರನು 1126 ರಲ್ಲಿ ಸಿಂಹಾಸನವನ್ನು ಏರುವಷ್ಟರಲ್ಲಿ ಎಳೆಯನಾಗಿ ಉಳಿದಿರಲಿಲ್ಲ. ಕಾದ ಆ ವರ್ಷಗಳು ವ್ಯರ್ಥವಾಗಲಿಲ್ಲವೆಂಬದಕ್ಕೆ ಆತನ ಗ್ರಂಥವೇ ಸಾಕ್ಷಿ. ತಂದೆಯಂತೆಯೇ ತಾನೂ ಭೂಲೋಕಮಲ್ಲ ವರ್ಷವೆಂದು ಹೊಸ ಎಣಿಕೆಯನ್ನು ಹಾಕಿಸಿದನು. ಜನರು ಆತನನ್ನು ಸರ್ವಜ್ಞ ಚಕ್ರವರ್ತಿ ಎಂದು ಕರೆದರು. ನಮ್ಮ ತ್ರಿಪದಿಯ ಸರ್ವಜ್ಞನು ಹುಟ್ಟುವದಕ್ಕಿಂತ ಎಷ್ಟೋ ಮೊದಲು ಕನ್ನಡ ನಾಡಿನಲ್ಲಿ ಆ ಹೆಸರು ಒಬ್ಬ ಅರಸನಿಗೆ ಸಂದಿತ್ತು.

ರಾಜಕಾರ್ಯದಲ್ಲಿ ಆತನಿಗೆ ತಂದೆಯಷ್ಟು ಯಶಸ್ಸು ದೊರೆಯಲಿಲ್ಲವೆಂಬದನ್ನು ಮರೆಮಾಚುವದು ಸರಿಯಲ್ಲ. ವಿಕ್ರಮಾದಿತ್ಯನ ಕೊನೆಯ ವರ್ಷಗಳಲ್ಲಿ ಚಾಲುಕ್ಯರ ಕೈಸೇರಿದ್ದ ವೆಂಗಿನಾಡು ಮಗನ ಕಾಲದಲ್ಲಿ ಮತ್ತೆ ಚೋಳರ ಪಾಲಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ಸಾಮಂತನಾಗಿದ್ದು, ಹಾನಗಲ್ಲು ಬಂಕಾಪುರಗಳವರೆಗೆ ಕೈಚಾಚಿದನು. ಅರಸನು ಪುಸ್ತಕ ಬರೆಯುತ್ತ ಕುಳಿತದ್ದರಿಂದ ರಾಜ್ಯವು ಸಡಿಲವಾಯಿತೆಂದು ಹೇಳುವವರಿದ್ದಾರೆ. ಆದರೆ ಕಲ್ಯಾಣದ ರಾಜ್ಯವು ಆತನ ಕಾಲದಲ್ಲಿ ಒಡೆಯಲಿಲ್ಲ. ಹನ್ನೆರಡು ವರ್ಷಗಳ ಆಳಿಕೆಯು ಬಹುಮಟ್ಟಿಗೆ ಶಾಂತಿಯಿಂದಲೇ ಸಾಗಿತು. ಯುದ್ಧಗಳಿಂದಲೇ ಅರಸರನ್ನು ಅಳೆಯುವ ರೂಢಿಯನ್ನು ನಾವು ಬಿಟ್ಟರೆ ಶಾಂತಿಯೂ ಒಂದು ಸಾಧನೆಯೇ ಎಂದು ತೋರುವದು.

ಇನ್ನು ಆತನ ಗ್ರಂಥದ ಮಾತು. ಅದಕ್ಕೆ ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಎರಡು ಹೆಸರು. ಸಂಸ್ಕೃತದಲ್ಲಿದೆ. ಅದರೊಳಗಿನ ಜ್ಯೋತಿಷ್ಯದ ಗಣನೆಯಲ್ಲಿ ಶಕ 1051 ನೆಯ ವರ್ಷ ಬರುವದರಿಂದ ಕ್ರಿ. ಶ. 1129 ರ ಸುಮಾರಿಗೆ ಅದನ್ನು ಬರೆದಿರಬೇಕೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಐದು ಭಾಗಗಳು, ಒಂದೊಂದು ಭಾಗದಲ್ಲಿ ಇಪ್ಪತ್ತು ಅಧ್ಯಾಯಗಳು, ಆದುದರಿಂದ ಭಾಗಗಳಿಗೆ ವಿಂಶತಿಗಳೆಂದೇ ಹೆಸರು. ರಾಜ್ಯವನ್ನು ಪಡೆಯುವ ಬಗೆ, ಪಡೆದದ್ದನ್ನು ಸ್ಥಿರಗೊಳಿಸುವ ಬಗೆ, ಅರಸನ ಉಪಭೋಗಗಳು, ವಿನೋದಗಳು, ಕ್ರೀಡೆಗಳು. ಹೀಗೆ ನೂರು ಅಧ್ಯಾಯಗಳಲ್ಲಿ ಒಂದು ಕಾಲದ ಬದುಕೇ ತುಂಬಿಕೊಂಡಿದೆ. ಕೋಶ, ಸೈನ್ಯ, ಮಂತ್ರಿಗಳ ಯೋಗ್ಯತೆ, ರತ್ನಪರೀಕ್ಷೆ, ಆನೆ ಕುದುರೆಗಳ ಲಕ್ಷಣ, ಮನೆ ಕಟ್ಟುವ ರೀತಿ, ಚಿತ್ರಕಲೆ, ಗೀತ, ವಾದ್ಯ, ನೃತ್ಯ, ಅಡಿಗೆ, ಕುಸ್ತಿ ಯಾವದನ್ನೂ ಅರಸನು ಬಿಟ್ಟಿಲ್ಲ. ನಾವು ಮುಂಜಾನೆ ತಿನ್ನುವ ಇಡ್ಲಿಯ ಪೂರ್ವಜನಾದ ಇಡ್ಡರಿಕೆಯೂ ದೋಸೆಯೂ ಆ ಅಡಿಗೆಯ ಅಧ್ಯಾಯದಲ್ಲಿವೆ. ಮೀನು ಹಿಡಿಯುವ ವಿನೋದಕ್ಕೂ ಒಂದು ಅಧ್ಯಾಯವಿದೆ. ಅದರಲ್ಲಿ ಮೀನುಗಳ ಜಾತಿಗಳನ್ನು ಹೇಳಿರುವ ಕ್ರಮವನ್ನು ಕಂಡು ಸುಂದರಲಾಲ ಹೋರಾ ಎಂಬ ಮತ್ಸ್ಯವಿಜ್ಞಾನಿಗಳು 1951 ರಲ್ಲಿ ಅದರ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು.

ನನಗೆ ಎಲ್ಲಕ್ಕಿಂತ ಮಿಗಿಲಾಗಿ ಹಿಡಿಸಿದ್ದು ಆತನ ಕಿವಿ. ಸಂಗೀತದ ಪ್ರಕರಣದಲ್ಲಿ ಆತನು ಪಂಡಿತರ ರಾಗಗಳನ್ನು ಮಾತ್ರ ಹೇಳಿ ಸುಮ್ಮನಾಗಿಲ್ಲ. ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಹಾಡುವ ಓವಿಯನ್ನೂ ಲೆಕ್ಕಕ್ಕೆ ತಂದಿದ್ದಾನೆ. ಒನಕೆಯ ಸದ್ದಿನ ಜೊತೆಗೆ ಬಂದ ಹಾಡು ಚಕ್ರವರ್ತಿಯ ಗ್ರಂಥದೊಳಗೆ ಕುಳಿತುಕೊಂಡಿತು. ನಮ್ಮ ತಾಯಂದಿರ ಬೀಸುವ ಕಲ್ಲಿನ ಪದಗಳು ಹಾಡೇ ಅಲ್ಲವೆಂದು ಸುಶಿಕ್ಷಿತರು ಎಣಿಸಿದ ಕಾಲವೂ ಇತ್ತೆಂಬದನ್ನು ನೆನೆದರೆ ಇದರ ಬೆಲೆ ತಿಳಿಯುವದು.

ಈಗ ಬೇಟೆಯ ಅಧ್ಯಾಯಕ್ಕೆ ಬರೋಣ. ಧರ್ಮಶಾಸ್ತ್ರಗಳು ಬೇಟೆಯನ್ನು ಅರಸನ ವ್ಯಸನಗಳಲ್ಲಿ ಎಣಿಸಿವೆ. ಮನುವು ಅದನ್ನು ಜೂಜಿನ ಸಾಲಿನಲ್ಲಿಯೇ ಇಟ್ಟಿದ್ದಾನೆ. ಕೌಟಿಲ್ಯನು ಮಾತ್ರ ಅದರಿಂದ ಮೈಗೆ ವ್ಯಾಯಾಮವೂ, ಓಡುವ ಗುರಿಗೆ ಬಾಣ ಬಿಡುವ ಅಭ್ಯಾಸವೂ, ಮೃಗಗಳ ಭಯ ಕೋಪಗಳ ಅರಿವೂ ದೊರೆಯುವವೆಂದು ಒಪ್ಪಿಕೊಂಡಿದ್ದಾನೆ. ಸೋಮೇಶ್ವರನು ಈ ಎರಡನೆಯ ದಾರಿಯವನು. ಆತನಿಗೆ ಬೇಟೆಯು ವಿನೋದ. ಆದರೆ ಕಲಿತು ಮಾಡಬೇಕಾದ ವಿನೋದ. ಬೇಟೆನಾಯಿಗಳ ವಿಷಯಕ್ಕೆ ಒಂದು ಅಧ್ಯಾಯ, ಗಿಡುಗದ ಬೇಟೆಗೆ ಒಂದು, ಜಿಂಕೆ ಮೊದಲಾದ ಮೃಗಗಳ ಬೇಟೆಗೆ ಒಂದು ಎಂದು ಬೇರೆ ಬೇರೆಯಾಗಿ ಬರೆದಿದ್ದಾನೆ. ಪಳಗಿಸಿದ ಸಿವಂಗಿಯನ್ನು, ಅಂದರೆ ಚೀತಾವನ್ನು, ಜಿಂಕೆಯ ಮೇಲೆ ಬಿಡುವ ಕ್ರಮವೂ ಅಲ್ಲಿದೆ. ಭಾರತದಲ್ಲಿ ಚೀತಾ ಬೇಟೆಯ ವಿಷಯವಾಗಿ ದೊರೆತ ಅತಿ ಹಳೆಯ ವರ್ಣನೆಗಳಲ್ಲಿ ಇದೂ ಒಂದು. ಆ ಪ್ರಾಣಿಯು ನಮ್ಮ ದೇಶದಿಂದ ಅಳಿದುಹೋಯಿತೆಂದು 1952 ರಲ್ಲಿ ಸಾರಲಾಯಿತು. 2022 ರಲ್ಲಿ ಆಫ್ರಿಕೆಯಿಂದ ಕೆಲವನ್ನು ತಂದು ಮಧ್ಯಪ್ರದೇಶದ ಕುನೋ ಅಡವಿಯಲ್ಲಿ ಬಿಡಲಾಯಿತು. ನಮ್ಮ ಅರಸನ ಕಾಲದಲ್ಲಾದರೋ ಅದು ಅರಮನೆಯ ಆಳುಗಳು ಕೈಯಾರೆ ಊಡುವ ಪ್ರಾಣಿಯಾಗಿತ್ತು.

ಆದರೆ ಬಿಲ್ಲಿನಿಂದ ಜಿಂಕೆಯನ್ನು ಹೊಡೆಯುವದು ಬೇರೆಯೇ ಕೆಲಸ. ನಮ್ಮ ಕಡೆ ಚಿಗರಿಯೆಂದು ಕರೆಯುವ ಕೃಷ್ಣಮೃಗವು ದಟ್ಟ ಅಡವಿಯ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಬಯಲಿನಲ್ಲಿ ಅಡಗಲು ಮರೆಯಿಲ್ಲ. ಅದರ ಕಣ್ಣು ಬಹು ಚುರುಕು. ಕಾಲು ಅದಕ್ಕಿಂತ ಚುರುಕು, ಗಂಟೆಗೆ 80 ಕಿಲೋಮೀಟರಿನಷ್ಟು ಓಡಬಲ್ಲದು. ಬಂದೂಕು ಇದ್ದವನು ದೂರದಿಂದ ಹೊಡೆದಾನು. ಬಿಲ್ಲುಗಾರನಿಗೆ ಆ ಅನುಕೂಲವಿಲ್ಲ. ಬಾಣವು ನಾಟಬೇಕಾದರೆ ಕೆಲವೇ ಮಾರು ದೂರದವರೆಗೆ ಹೋಗಬೇಕು. ಒಬ್ಬನೇ ಹೋದರೆ ಆಗದ ಮಾತು. ಆದುದರಿಂದಲೇ ಬಿಲ್ಲಿನ ಬೇಟೆಗೆ ಸಂಗಾತಿ ಬೇಕು. ಮಾನಸೋಲ್ಲಾಸದಲ್ಲಿ ಆ ಸಂಗಾತಿಯು ಮನುಷ್ಯನಷ್ಟೇ ಅಲ್ಲ, ಇನ್ನೊಂದು ಜಿಂಕೆ. ಅದಕ್ಕೆ ದೀಪಮೃಗವೆಂದು ಹೆಸರು. ಜಿಂಕೆಯನ್ನು ಹಿಡಿದು ತಂದು, ಮೇವು ಹಾಕಿ, ಮನುಷ್ಯರ ಸಲಿಗೆ ಕಲಿಸಿ, ಬೇಟೆಗಾರನ ಇಂಗಿತದಂತೆ ನಡೆಯುವ ಹಾಗೆ ಪಳಗಿಸುವರು. ಬೇಟೆಯ ದಿನ ಅದನ್ನು ಮುಂದೆ ಬಿಟ್ಟು ಬಿಲ್ಲುಗಾರನು ಹಿಂದೆ ಮರೆಯಲ್ಲಿ ನಿಲ್ಲುವನು. ಗಂಡು ಚಿಗರಿಗೆ ತನ್ನ ಸೀಮೆಯ ಅಭಿಮಾನ ಬಹಳ. ತನ್ನ ನೆಲದಲ್ಲಿ ಇನ್ನೊಂದು ಗಂಡನ್ನು ಕಂಡರೆ ಕಾದಾಡಲು ಬರುವದು. ಹೆಣ್ಣನ್ನು ಕಂಡರೆ ಮೋಹದಿಂದ ಬರುವದು. ಎರಡು ವಿಧದಲ್ಲಿಯೂ ಅದು ಮನುಷ್ಯನನ್ನು ಮರೆಯುವದು. ಆ ಒಂದು ಕ್ಷಣದಲ್ಲಿ ಬಾಣವು ಬಿಡುಗಡೆಯಾಗಬೇಕು. ದೀಪದ ಬೆಳಕಿಗೆ ಹುಳ ಬರುವಂತೆ ಮೃಗವು ಮೃಗದ ಬಳಿಗೆ ಬಂದು ಸಾಯುವದು.

ಈ ಪ್ರಸಂಗವನ್ನು ನಾನು ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಅಜ್ಜನವರಿಗೆ ಹೇಳಿದೆನು. ಅವರು ಓದಿದವರಲ್ಲ, ಚಿಕ್ಕಂದಿನಲ್ಲಿ ಗುಡ್ಡದ ಅಂಚಿನಲ್ಲಿ ಕುರಿ ಕಾಯ್ದವರು. ಅರಸನ ಬಿಲ್ಲು, ಬಿರುದುಗಳ ಮಾತು ಅವರಿಗೆ ರುಚಿಸಿದಂತೆ ಕಾಣಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದ್ದಾಗ ಅರಸನು ನಿಲ್ಲುತ್ತಿದ್ದನೆಂದು ಮೊದಲು ಕೇಳಿದರು. ಗಾಳಿಯು ಬೇಟೆಗಾರನ ಕಡೆಯಿಂದ ಮೃಗದ ಕಡೆಗೆ ಬೀಸಿದರೆ ಎಂಥ ಸಂಗಾತಿಯಿದ್ದರೂ ಪ್ರಯೋಜನವಿಲ್ಲವೆಂಬದು ಅವರ ಅನುಭವ. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪಳಗಿದ ಚಿಗರಿಯನ್ನು ಸಂಜೆಗೆ ಎಲ್ಲಿ ಕಟ್ಟುತ್ತಿದ್ದರೆಂದು ಕೇಳಿದರು. ತನ್ನ ಜಾತಿಯದನ್ನು ಕೊಲ್ಲಿಸಿ ಬಂದ ಪ್ರಾಣಿಗೆ ಮೇವು ಸೇರುತ್ತಿತ್ತೆ ಎಂಬದು ಅವರ ಪ್ರಶ್ನೆ. ಬಿ. ಎ. ತರಗತಿಯವರೆಗೆ ಓದಿದ ನನಗೆ ಅದಕ್ಕೆ ಉತ್ತರ ತೋಚಲಿಲ್ಲ. ನಾನು ಆ ಅಧ್ಯಾಯದ ಸಾರವನ್ನು ಗುರುತು ಹಾಕಿಕೊಂಡು ಓದಿದ್ದೆನು. ಆದರೆ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಅಂದಿನಿಂದ ಆ ಗ್ರಂಥವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆನು. ಇಷ್ಟೆಲ್ಲವನ್ನು ಚಕ್ರವರ್ತಿಗೆ ಕಲಿಸಿದವರು ಯಾರು? ಮೃಗವು ಎಲ್ಲಿ ಮೇಯುವದು, ಯಾವ ಹೊತ್ತಿಗೆ ನೀರಿಗೆ ಬರುವದು, ಹೇಗೆ ಹೆದರುವದು ಎಂಬದು ಅರಮನೆಯ ಪಂಡಿತರಿಗೆ ತಿಳಿದ ವಿದ್ಯೆಯಲ್ಲ. ಅಡವಿಯಲ್ಲಿಯೇ ಹುಟ್ಟಿ ಅಡವಿಯಲ್ಲಿಯೇ ಬೆಳೆದ ಬೇಡರು ಅರಸನ ಮುಂದೆ ನಡೆದಿರಬೇಕು. ದೀಪಮೃಗವನ್ನು ಹಿಡಿದು ಪಳಗಿಸಿದ ಕೈಗಳು ಅವರವೇ ಆಗಿರಬೇಕು. ಬಾಣವನ್ನು ಬಿಟ್ಟವನ ಹೆಸರು ಉಳಿಯಿತು. ಜಿಂಕೆಯನ್ನು ಪಳಗಿಸಿದವನ ಹೆಸರು ಉಳಿಯಲಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ನಮ್ಮ ಗದಗು ಬೆಟಗೇರಿಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಹರಣಶಿಕಾರಿಗಳೆಂಬ ಜನರಿದ್ದಾರೆ. ಹರಿಣದ ಶಿಕಾರಿಯವರೆಂಬದೇ ಆ ಹೆಸರಿನ ಅರ್ಥ. ಜಿಂಕೆಯ ಬೇಟೆಯು ಸೋಮೇಶ್ವರನಿಗೆ ವಿನೋದವಾಗಿತ್ತು. ಇವರ ಹಿರಿಯರಿಗೆ ಅದು ಹೊಟ್ಟೆಯ ಪಾಡು. ಬ್ರಿಟಿಷ್ ಸರಕಾರವು 1871 ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂದು, ಇಂಥ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯಂಥ ಊರುಗಳಲ್ಲಿ ಸೆಟಲ್‌ಮೆಂಟು ಎಂಬ ಕಾವಲಿನ ವಸತಿಗಳಲ್ಲಿ ಕೂಡಿಹಾಕಿತು. ಸ್ವತಂತ್ರ ಭಾರತವು 1952 ರಲ್ಲಿ ಆ ಕಾಯಿದೆಯನ್ನು ಅಳಿಸಿತು. ಕಾಯಿದೆಯು ಅಳಿಯಿತಾದರೂ ಜನರ ಮನಸ್ಸಿನಲ್ಲಿ ಅಂಟಿದ ಸಂಶಯವು ಅಷ್ಟು ಬೇಗ ಅಳಿಯಲಿಲ್ಲ. ಒಂದೇ ಕೆಲಸವನ್ನು ಅರಸನು ಮಾಡಿದರೆ ಅದು ಶಾಸ್ತ್ರವಾಯಿತು, ಬಡವನು ಮಾಡಿದರೆ ಅಪರಾಧವಾಯಿತು. ಇದರಲ್ಲಿ ಸೋಮೇಶ್ವರನ ತಪ್ಪಿಲ್ಲ. ಆದರೆ ಆತನ ಚರಿತ್ರೆಯನ್ನು ಓದುವವರು ಇದನ್ನು ಮರೆಯಬಾರದು.

ಹಾಗಾದರೆ ಆತನು ಕ್ರೂರಿಯಾಗಿದ್ದನೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಆತನ ಗ್ರಂಥವು ವಿನೋದದಿಂದ ಆರಂಭವಾಗುವದಿಲ್ಲ. ಮೊದಲನೆಯ ವಿಂಶತಿಯು ಅರಸನಾಗಬೇಕಾದವನು ಬಿಡಬೇಕಾದ ದೋಷಗಳನ್ನೂ ಹಿಡಿಯಬೇಕಾದ ಗುಣಗಳನ್ನೂ ಹೇಳುವದು. ಸುಳ್ಳನ್ನು ಬಿಡಬೇಕು, ಪರರಿಗೆ ದ್ರೋಹ ಮಾಡುವದನ್ನು ಬಿಡಬೇಕು, ದೀನರನ್ನೂ ಅನಾಥರನ್ನೂ ಸಲಹಬೇಕು, ಮರೆಹೊಕ್ಕವರನ್ನು ಕಾಯಬೇಕು. ಇವೆಲ್ಲ ಆದ ಬಳಿಕವೇ ರಾಜ್ಯ, ರಾಜ್ಯವಾದ ಬಳಿಕವೇ ಭೋಗ, ಭೋಗವಾದ ಬಳಿಕ ವಿನೋದ. ಈ ಕ್ರಮವು ಆಕಸ್ಮಿಕವಲ್ಲ. ಆದರೂ ನಂಬಿಕೆಯನ್ನು ಕಲಿಸಿ ಆ ನಂಬಿಕೆಯನ್ನೇ ಬಲೆಯನ್ನಾಗಿ ಮಾಡುವ ದೀಪಮೃಗದ ಬೇಟೆಯೂ, ಪರದ್ರೋಹವನ್ನು ಬಿಡಬೇಕೆಂಬ ಮಾತೂ ಒಂದೇ ಗ್ರಂಥದ ಎರಡು ತುದಿಗಳಲ್ಲಿ ಕುಳಿತಿವೆ. ದ್ರೋಹವೆಂಬದು ಮನುಷ್ಯರಿಗೆ ಮಾತ್ರ ಸಂಬಂಧಿಸಿದ್ದೆಂದು ಆ ಕಾಲದ ಅರಸನು ಎಣಿಸಿರಬಹುದು. ಕುರಿ ಕಾಯ್ದ ನಮ್ಮ ಅಜ್ಜನವರು ಹಾಗೆ ಎಣಿಸಲಿಲ್ಲ. ಸರ್ವಜ್ಞನೆಂಬ ಬಿರುದು ಪಡೆದವನಿಗೂ ತಿಳಿಯಬೇಕಾದದ್ದು ಸ್ವಲ್ಪ ಉಳಿದೇ ಇತ್ತು.

ಸೋಮೇಶ್ವರನು 1138 ರಲ್ಲಿ ತೀರಿಕೊಂಡನು. ತಂದೆಯ ಚರಿತ್ರೆಯನ್ನು ಹೇಳುವ ವಿಕ್ರಮಾಂಕಾಭ್ಯುದಯವೆಂಬ ಆತನ ಇನ್ನೊಂದು ಗ್ರಂಥವು ಅಪೂರ್ಣವಾಗಿಯೇ ನಮಗೆ ದೊರೆತಿದೆ. ಆತನ ಮಕ್ಕಳಾದ ಎರಡನೆಯ ಜಗದೇಕಮಲ್ಲನೂ ಮೂರನೆಯ ತೈಲಪನೂ ಒಬ್ಬರಾದ ಮೇಲೊಬ್ಬರು ಆಳಿದರು. ತೈಲಪನ ಕಾಲದಲ್ಲಿ ಕಳಚುರಿ ಬಿಜ್ಜಳನು ಕಲ್ಯಾಣವನ್ನು ಕೈವಶಮಾಡಿಕೊಂಡನು. ಬಸವಣ್ಣನವರ ಮಹಾಕ್ರಾಂತಿಯು ನಡೆದದ್ದು ಆ ಬಿಜ್ಜಳನ ಆಳಿಕೆಯಲ್ಲಿ. ಮುಂದೆ ನಾಲ್ಕನೆಯ ಸೋಮೇಶ್ವರನು ನಮ್ಮ ನೆರೆಯ ಅಣ್ಣಿಗೇರಿಯಲ್ಲಿ ನೆಲೆನಿಂತು ಅಜ್ಜಂದಿರ ರಾಜ್ಯವನ್ನು ಮತ್ತೆ ಎತ್ತಲು ಹೆಣಗಿದನು, ಅದು ಕೈಗೂಡಲಿಲ್ಲ. 1191 ರ ಸುಮಾರಿಗೆ ಗದಗಿನ ಬಳಿಯ ಸೊರಟೂರಿನಲ್ಲಿ ಹೊಯ್ಸಳರೂ ಸೇವುಣರೂ ಕಾದಾಡಿದಾಗ ಈ ನೆಲಕ್ಕೆ ಚಾಲುಕ್ಯರು ಒಡೆಯರಾಗಿ ಉಳಿದಿರಲಿಲ್ಲ.

ರಾಜ್ಯವು ಹೋಯಿತು, ಗ್ರಂಥವು ಉಳಿಯಿತು. ಎಂಟುನೂರು ವರ್ಷಗಳವರೆಗೆ ಕೈಬರಹದ ಪ್ರತಿಗಳಲ್ಲಿ ಅಡಗಿದ್ದ ಮಾನಸೋಲ್ಲಾಸದ ಮೊದಲ ಸಂಪುಟವು 1925 ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಮಾಲೆಯಲ್ಲಿ ಅಚ್ಚಾಯಿತು. ಎರಡನೆಯದು 1939 ರಲ್ಲಿ, ಮೂರನೆಯದು 1961 ರಲ್ಲಿ ಹೊರಬಂದವು. ಮೈಸೂರಿನಿಂದಲೂ 1926 ರಲ್ಲಿ ಅದರ ಒಂದು ಭಾಗವು ಪ್ರಕಟವಾಯಿತು. ತಂದೆಯು ಐವತ್ತು ವರ್ಷ ಕಾದಾಡಿ ಗಳಿಸಿದ್ದು ಐವತ್ತು ವರ್ಷಗಳಲ್ಲಿ ಚದುರಿತು. ಮಗನು ಕುಳಿತು ಬರೆದದ್ದು ಇಂದು ನಮ್ಮ ಕೈಗೆ ಬಂದಿದೆ. ಯಾವ ಮಲ್ಲನು ದೊಡ್ಡವನೆಂಬದನ್ನು ವಾಚಕರೇ ನಿರ್ಣಯಿಸಲಿ.

ಕಪ್ಪತಗುಡ್ಡವನ್ನು 2019 ರಲ್ಲಿ ವನ್ಯಜೀವಿ ಧಾಮವೆಂದು ಸರಕಾರವು ಸಾರಿತು. ಗದಗು, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಸುಮಾರು 244 ಚದರ ಕಿಲೋಮೀಟರಿನ ಆ ಅಡವಿಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಸುತ್ತಣ ಎರೆಹೊಲಗಳಲ್ಲಿಯೂ ಚಿಗರಿಗಳು ಇಂದಿಗೂ ಇವೆ. 1972 ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಂತೆ ಅವನ್ನು ಕೊಲ್ಲುವದು ದೊಡ್ಡ ಅಪರಾಧ. ಅವು ಹೆಸರಿನ ಎಳೆಯ ಸಸಿಗಳನ್ನು ಮೇಯ್ದು ರೈತನನ್ನು ಅಳಿಸುವದೂ ಸುಳ್ಳಲ್ಲ. ರಾತ್ರಿಯೆಲ್ಲ ಹೊಲ ಕಾಯುವವನಿಗೆ ಚಿಗರಿಯ ಚೆಲುವನ್ನು ಹೊಗಳಿ ಹೇಳುವದು ಸುಲಭವಲ್ಲ. ಅರಸರ ಕಾಲದಲ್ಲಿ ಬಾಣಕ್ಕೆ ಹೆದರಿದ ಪ್ರಾಣಿಗೂ, ಬೆಳೆಗಾಗಿ ಹೆದರುವ ರೈತನಿಗೂ, ಹೆಸರಿನಲ್ಲಿಯೇ ಹರಿಣವನ್ನು ಹೊತ್ತು ಅವಮಾನವನ್ನುಂಡ ಜನರಿಗೂ ಮರೆಯನ್ನು ಕೊಡುವ ಕೆಲಸವು ಈಗ ಅರಸರದಲ್ಲ, ನಮ್ಮದು. ಮರೆಹೊಕ್ಕವರನ್ನು ಕಾಯಬೇಕೆಂದು ಭೂಲೋಕಮಲ್ಲನು ಬರೆದ ಮೊದಲನೆಯ ವಿಂಶತಿಯನ್ನು ನಾವು ಆತನಿಗಿಂತ ಸ್ವಲ್ಪ ಹೆಚ್ಚು ಪಾಲಿಸಿದರೆ, ಆತನ ಗ್ರಂಥವನ್ನು ಓದಿದ್ದು ಸಾರ್ಥಕವಾಗುವದು.

ರಜೆ ಮುಗಿಸಿ ಹಿಂದಿರುಗುವ ದಿನ ಬೆಳಗಿನ ಬಸ್ಸಿನ ಕಿಟಕಿಯಿಂದ ಹೊಲದಲ್ಲಿ ಏಳೆಂಟು ಚಿಗರಿಗಳು ನಿಂತದ್ದು ಕಂಡಿತು. ಅವುಗಳಲ್ಲಿ ಒಂದು ಮಾತ್ರ ತಲೆಯೆತ್ತಿ ನಮ್ಮನ್ನು ನೋಡುತ್ತಿತ್ತು. ಉಳಿದವು ಅದನ್ನು ನಂಬಿ ಮೇಯುತ್ತಿದ್ದುವು.